ನಾಯಿಗಳ ಕಾವಲಿನಲ್ಲಿ ಒಂದು ರಾತ್ರಿ

ಪ್ರವಾಸದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾವು ನೋಡಲೆಂದೇ ಹೊರಟ ಸ್ಥಳದ ಬಗ್ಗೆ ಬರೆಯುತ್ತಾರೆ. ನಾನು ಬರೆಯಲು ಹೊರಟಿರುವುದು ಹೆಸರೂ ಗೊತ್ತಿಲ್ಲದ ಒಂದು ಒಣಗಿದ ಕೆರೆಯ ದಡದ ಬಗ್ಗೆ. ಅಲ್ಲಿ ನಾವು ತಂಗಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ನಮಗಿಂತ ಮೊದಲು ಅಲ್ಲಿಗೆ ಬಂದಿದ್ದವರಿಗೂ ಅದು ಬಯಸಿ ಬಂದ ಜಾಗವಾಗಿರಲಿಲ್ಲ.

ನನ್ನ ತವರು ಮಂಗಳೂರು. ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದು ಇಪ್ಪತ್ತು ವರ್ಷ ದಾಟಿತು. ಬ್ಯಾರಿ ಮನೆಯ ಹುಡುಗಿಯನ್ನು ಬಯಲುಸೀಮೆಯ ಉರ್ದು ಮಾತಾಡುವ ಮನೆಗೆ ಕೊಟ್ಟ ಅಪರೂಪದ ಸಂಬಂಧ ನಮ್ಮದು. ನಮ್ಮ ಮನೆಯದು ರೇಷ್ಮೆ ನೂಲು ಬಿಚ್ಚುವ ಕಸುಬು. ಬೆಳಿಗ್ಗೆ ಎದ್ದರೆ ಗೂಡು ಬೇಯುವ ವಾಸನೆ, ಮಾರುಕಟ್ಟೆಯಲ್ಲಿ ಗೂಡಿನ ಹರಾಜು ಏನಾಯಿತೆಂಬ ಮಾತು. ಬಂದ ಹೊಸದರಲ್ಲಿ ಆ ವಾಸನೆಗೆ ತಲೆ ತಿರುಗುತ್ತಿತ್ತು. ಈಗ ತವರಿಗೆ ಹೋದಾಗ ಅದಿಲ್ಲವಲ್ಲ ಅನಿಸುತ್ತದೆ! ಆದರೆ ಒಂದು ವಿಷಯದಲ್ಲಿ ಮಾತ್ರ ನಾನು ಬದಲಾಗಿರಲಿಲ್ಲ. ನಾಯಿ ಎಂದರೆ ನನಗೆ ಜೀವಭಯ. ಎಂಟು ವರ್ಷದವಳಿದ್ದಾಗ ಮದ್ರಸಕ್ಕೆ ಹೋಗುವ ದಾರಿಯಲ್ಲಿ ಒಂದು ಬೀದಿನಾಯಿ ನನ್ನ ಕಾಲಿಗೆ ಬಾಯಿ ಹಾಕಿತ್ತು. ಆ ಕಾಲದಲ್ಲಿ ಹೊಟ್ಟೆಯ ಸುತ್ತ 14 ಚುಚ್ಚುಮದ್ದು. ಕಚ್ಚಿದ ಗಾಯ ಒಂದು ವಾರದಲ್ಲಿ ಮಾಯಿತು. ಆಸ್ಪತ್ರೆಯ ಬೆಂಚಿನ ನೆನಪು ಮಾಯಲಿಲ್ಲ.

2024ರ ಮೇ ತಿಂಗಳ ಮೊದಲ ವಾರ. ಲೋಕಸಭಾ ಚುನಾವಣೆಗೆ ನಮ್ಮ ಕಡೆ ಮತದಾನ ಮುಗಿದು ಕೆಲವೇ ದಿನಗಳಾಗಿದ್ದವು. ಗೌರಿಬಿದನೂರಿನಲ್ಲಿರುವ ನಾದಿನಿಯ ಮನೆಗೆ ನಮ್ಮ ಹಳೆಯ ಓಮ್ನಿಯಲ್ಲಿ ಹೋಗಿದ್ದೆವು. ನಾನು, ಇವರು, ಇಬ್ಬರು ಮಕ್ಕಳು ಮತ್ತು ಅತ್ತೆ. ಅತ್ತೆಯನ್ನು ಎಲ್ಲರೂ ಅಮ್ಮಿ ಎನ್ನುತ್ತೇವೆ. ಅವರು ಹುಟ್ಟಿದ್ದು ಚಿಂತಾಮಣಿಯಲ್ಲಿ, ಬಾಳಿದ್ದು ಶಿಡ್ಲಘಟ್ಟದಲ್ಲಿ, ಮಗಳನ್ನು ಕೊಟ್ಟದ್ದು ಗೌರಿಬಿದನೂರಿಗೆ, ಮಂಡಿನೋವಿಗೆ ತೋರಿಸುವುದು ಚಿಕ್ಕಬಳ್ಳಾಪುರದಲ್ಲಿ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಆದಾಗ, "ಸರ್ಕಾರದವರು ನನ್ನನ್ನು ಕೇಳಿಯೇ ಗಡಿ ಹಾಕಿದ್ದಾರೆ" ಎಂದು ನಗುತ್ತಿದ್ದರಂತೆ.

ಗೌರಿಬಿದನೂರಿನಲ್ಲಿ ಎರಡು ದಿನ ಇದ್ದೆವು. ಮಕ್ಕಳಿಗೆ ವಿದುರಾಶ್ವತ್ಥ ತೋರಿಸಿದೆವು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆಂದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ ಅದು. ಊರಿಗೆ ಹೆಸರು ತಂದಿದ್ದ ಹಳೆಯ ಅಶ್ವತ್ಥ ಮರ 2001ರಲ್ಲಿ ಉರುಳಿತು. ಹತ್ತನೇ ತರಗತಿಯ ಮಗಳು ಪಾಠದಲ್ಲಿ ಓದಿದ್ದನ್ನು ತಮ್ಮನಿಗೆ ವಿವರಿಸುತ್ತಾ ನಡೆದಳು. ಅವನಿಗೆ ಐಸ್‌ಕ್ರೀಂ ಗಾಡಿಯ ಮೇಲೆಯೇ ಕಣ್ಣು.

ಆ ವರ್ಷದ ಬರ ಓದುಗರಿಗೆ ನೆನಪಿರಬಹುದು. 2023ರ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿದ್ದರು. ನಮ್ಮ ಜಿಲ್ಲೆ ಮೊದಲೇ ವರ್ಷವಿಡೀ ಹರಿಯುವ ನದಿ ಇಲ್ಲದ ನಾಡು. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ ಎಂದು ಇಷ್ಟೊಂದು ನದಿಗಳು ಹುಟ್ಟುತ್ತವೆ. ಹುಟ್ಟಿದ ಮನೆಯಲ್ಲಿ ಮಾತ್ರ ಒಂದೂ ನಿಲ್ಲುವುದಿಲ್ಲ. ಹೆಣ್ಣುಮಕ್ಕಳ ಹಾಗೆ ಎಂದು ಅಮ್ಮಿ ಹೇಳುವುದುಂಟು. ಹಿಂದಿನವರು ಮಳೆ ನೀರನ್ನು ಹಿಡಿದಿಡಲು ಊರೂರಿಗೆ ಕೆರೆ ಕಟ್ಟಿದರು. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಪೈಪಿನಲ್ಲಿ ತಂದು ಕೆಲವು ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಪೈಪು ತಲುಪದ ಕೆರೆಗಳು ಆ ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಲಗಿದ್ದವು.

ಹಿಂದಿರುಗುವ ದಿನ ಅಸರ್ ನಮಾಝ್ ಮುಗಿಸಿ ಹೊರಟೆವು. ಮಂಚೇನಹಳ್ಳಿ ದಾಟಿದ ಮೇಲೆ ಇವರು ಮುಖ್ಯರಸ್ತೆ ಬಿಟ್ಟು ಒಳದಾರಿ ಹಿಡಿದರು. ಬೆಟ್ಟದ ತಪ್ಪಲಿನಲ್ಲಿ ಹೋದರೆ ನವಿಲು ಕಾಣುತ್ತದೆಂದು ಮಗನಿಗೆ ಆಸೆ ಹುಟ್ಟಿಸಿದ್ದು ಅವರೇ. ನವಿಲೇನೋ ಕಂಡಿತು. ಅದಾಗಿ ಹತ್ತು ನಿಮಿಷಕ್ಕೆ ಗಾಡಿಯ ಮುಂದಿನಿಂದ ಹಬೆ ಬುಸ್ಸೆಂದು ಎದ್ದಿತು. ರೇಡಿಯೇಟರಿನ ನೀರಿನ ಪೈಪು ಒಡೆದಿತ್ತು. ಬೆಟ್ಟದ ಮರೆಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಇವರು ಒಂದು ದಿಬ್ಬ ಹತ್ತಿ ಚಿಕ್ಕಬಳ್ಳಾಪುರದ ಪರಿಚಯದ ಮೆಕ್ಯಾನಿಕ್‌ಗೆ ಹೇಗೋ ಫೋನ್ ಮಾಡಿದರು. ಪೈಪು ಅಂಗಡಿ ತೆರೆದ ಮೇಲೆಯೇ ಸಿಗುವುದು, ಬೆಳಿಗ್ಗೆ ಬರುತ್ತೇನೆ ಎಂದನಂತೆ. ನಾದಿನಿಯ ಗಂಡ ತಮ್ಮ ಗಾಡಿ ತೆಗೆದುಕೊಂಡು ಬೆಂಗಳೂರಿಗೆ ಹೋಗಿದ್ದರು. ಹತ್ತಿರದ ಹಳ್ಳಿಯ ದೀಪಗಳು ದೂರದಲ್ಲಿ ಕಾಣುತ್ತಿದ್ದವು, ಆದರೆ ಅಮ್ಮಿಯ ಮಂಡಿಗೆ ಆ ಕತ್ತಲ ಕಲ್ಲುದಾರಿ ಆಗದು. ಸಾಲದ್ದಕ್ಕೆ ಅವರು ಅಂದು ಉಪವಾಸದಲ್ಲಿದ್ದರು. ಶವ್ವಾಲ್‌ನ ಆರು ಉಪವಾಸಗಳಲ್ಲಿ ಅದು ಕೊನೆಯದು. ಪ್ರಯಾಣದಲ್ಲಿ ಬೇಡ ಎಂದು ನಾನು ಹೇಳಿದ್ದೆ. ತಿಂಗಳು ಮುಗಿದೇ ಹೋಗುತ್ತದಲ್ಲ ಎಂದು ಅವರು ಕೇಳಿರಲಿಲ್ಲ.

ಗಾಡಿಯನ್ನು ತಳ್ಳಿ ರಸ್ತೆ ಬದಿಯ ಹುಣಸೆ ಮರದ ಕೆಳಗೆ ನಿಲ್ಲಿಸೋಣವೆಂದು ಇವರು ಕೆಳಗಿಳಿದರು. ಆಗ ಕೆರೆಯ ಕಡೆಯಿಂದ ಧೂಳೆದ್ದಿತು. ಧೂಳಿನೊಳಗಿಂದ ಮೊದಲು ಬಂದದ್ದು ಕುರಿಗಳಲ್ಲ, ನಾಯಿಗಳು. ಮೂರು. ನಾನು ಕಿರುಚಿಕೊಂಡು ಗಾಡಿಯೊಳಗೆ ಹಾರಿ ಬಾಗಿಲು ಎಳೆದುಕೊಂಡೆ. ನಾಚಿಕೆಯ ವಿಷಯವೆಂದರೆ ಮಗ ಹೊರಗೇ ಇದ್ದ!

"ಓಡಬ್ಯಾಡ ಮಗಾ, ನಿಂತ್ಕೊ! ಕಣ್ಣಾಗ್ ಕಣ್ಣಿಟ್ಟು ನೋಡಬ್ಯಾಡ. ಸುಮ್ನೆ ನಿಂತ್ರೆ ಮೂಸ್ಕೊಂಡ್ ಹೋಗ್ತವೆ" ಎಂದು ಒಂದು ಹೆಂಗಸಿನ ದನಿ ಕೇಳಿಸಿತು. ಮಗ ಕಂಬದಂತೆ ನಿಂತ. ಮುಂದಿದ್ದ ಕಪ್ಪು ನಾಯಿ ಅವನ ಸುತ್ತ ಒಂದು ಸುತ್ತು ಬಂದು ಆಸಕ್ತಿ ಕಳೆದುಕೊಂಡಂತೆ ಹಿಂದೆ ಹೋಯಿತು.

ಹೆಂಗಸಿಗೆ ಅರವತ್ತರ ಹತ್ತಿರದ ವಯಸ್ಸು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಜೊತೆಗೆ ಗಂಡ, ಮಗ, ಸೊಸೆ, ಮೈದುನ. ಮಡಕಶಿರಾ ಕಡೆಯ ಕುರುಬರು. ಆಂಧ್ರದ ಗಡಿಯೊಳಗಿದ್ದರೂ ಅಲ್ಲಿ ಕನ್ನಡದ ಮನೆಗಳು ಬೇಕಾದಷ್ಟಿವೆ. ಇವರ ಮಾತಿನಲ್ಲಿ ಕನ್ನಡಕ್ಕೆ ಅರ್ಧ ತೆಲುಗು ಬೆರೆತಿತ್ತು. ಸುಮಾರು ಇನ್ನೂರು ಕುರಿ, ಹಾಲಿಗೆಂದು ನಾಲ್ಕು ಮೇಕೆ, ಸಾಮಾನು ಹೊರಲು ಎರಡು ಕತ್ತೆ. ರಾಗಿ ಕೊಯ್ಲು ಮುಗಿದ ಮೇಲೆ ಊರು ಬಿಟ್ಟರೆ ಮಳೆ ಹಿಡಿಯುವ ತನಕ ಹೊಲದಿಂದ ಹೊಲಕ್ಕೆ ಅಲೆಯುವ ಬದುಕು.

"ಹುಣಸೆ ಮರದ ಕೆಳಗೆ ಯಾಕ್ ನಿಲ್ಲಿಸ್ತೀರಿ ಸಾಬ್ರೇ? ಆಕಾಶ ನೋಡಿ" ಎಂದಳು ಆಕೆ ಇವರಿಗೆ. ಪಡುವಣದಲ್ಲಿ ಮೋಡ ಕಪ್ಪಗಾಗಿತ್ತು. ಎಷ್ಟೋ ತಿಂಗಳ ಮೇಲೆ ಕಂಡ ಮೋಡವಾದ್ದರಿಂದ ನಮಗೆ ಅದು ಸಂತೋಷವೇ ಹೊರತು ಎಚ್ಚರಿಕೆಯಾಗಿ ಕಂಡಿರಲಿಲ್ಲ. ಬೇಸಿಗೆಯ ಮೊದಲ ಮಳೆ ಸಿಡಿಲಿನ ಜೊತೆಗೇ ಬರುತ್ತದೆ, ಒಂಟಿ ಮರದ ಕೆಳಗೆ ನಿಲ್ಲಬಾರದು ಎಂದು ಶಾಲೆಯಲ್ಲಿ ನಾವೂ ಓದಿದ್ದೇವೆ. ಓದಿದ್ದು ಬೇಕಾದಾಗ ನೆನಪಾಗುವುದಿಲ್ಲ, ಅಷ್ಟೆ. ಅವರೆಲ್ಲ ಸೇರಿ ಓಮ್ನಿಯನ್ನು ತಳ್ಳಿ ಕೆರೆ ದಡದಿಂದ ಸ್ವಲ್ಪ ಮೇಲೆ, ಒಂದು ದೊಡ್ಡ ಹಾಸುಬಂಡೆಯ ಪಕ್ಕದ ಗಟ್ಟಿ ನೆಲಕ್ಕೆ ತಂದರು. "ಈ ರಾತ್ರಿ ನೀವೂ ನಮ್ ಮಂದೇಲೇ ಇರಿ ಬೂಬಮ್ಮ" ಎಂದು ಅಮ್ಮಿಯ ಕೈ ಹಿಡಿದು ಇಳಿಸಿಕೊಂಡಳು. ನಮ್ಮ ಕಡೆ ಹಳ್ಳಿಯವರು ಮುಸ್ಲಿಮ್ ಹೆಂಗಸರನ್ನು ಬೂಬಮ್ಮ ಎಂದೇ ಕರೆಯುವುದು. ಅಮ್ಮಿ ಆಕೆಯನ್ನು ಕುರುಬಮ್ಮ ಎಂದರು. ಕೊನೆಯ ತನಕ ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಕೇಳಲಿಲ್ಲ.

ಅವರೂ ಅಲ್ಲಿ ತಂಗುವವರಲ್ಲ ಎಂಬುದು ಆಮೇಲೆ ತಿಳಿಯಿತು. ಹಿಂದಿನ ವರ್ಷ ಹದಿನೈದು ದಿನ ಮಂದೆ ಹಾಕಿಸಿದ್ದ ಹೊಲ ಅಲ್ಲೇ ಆಚೆಗಿತ್ತು. ಓದುಗ ಸೋದರಿಯರಲ್ಲಿ ಪಟ್ಟಣದವರಿಗೆ ಇದನ್ನು ಹೇಳಬೇಕು. ಕಟಾವಾದ ಹೊಲದಲ್ಲಿ ರಾತ್ರಿ ಕುರಿಗಳನ್ನು ಕೂರಿಸಿದರೆ ಹಿಕ್ಕೆ ಮತ್ತು ಗಂಜಲದಿಂದ ಭೂಮಿಗೆ ಗೊಬ್ಬರವಾಗುತ್ತದೆ. ಇಷ್ಟು ರಾತ್ರಿಗೆ ಇಷ್ಟೆಂದು ರೈತ ಹಣವನ್ನೋ ರಾಗಿಯನ್ನೋ ಕೊಡುತ್ತಾನೆ. ಹೊಲದವನಿಗೆ ಗಾಡಿ ಕೂಲಿಯಿಲ್ಲದೆ ಗೊಬ್ಬರ, ಕುರುಬನಿಗೆ ನೆಲೆ ಮತ್ತು ಕಾಳು. 2019ರ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಕುರಿಗಳು ಒಂದು ಕೋಟಿಗೂ ಮಿಕ್ಕಿ ಇವೆ. ಅವುಗಳಲ್ಲಿ ಬಹಳಷ್ಟು ಬೇಸಿಗೆಯಲ್ಲಿ ಹೀಗೆ ಊರೂರು ಸುತ್ತುತ್ತವೆ. ಆದರೆ ಈ ವರ್ಷ ಬಂದು ನೋಡಿದರೆ ಆ ಹೊಲದಲ್ಲಿ ಬಣ್ಣ ಬಳಿದ ಸೈಟು ಕಲ್ಲುಗಳು! "ಬರಬ್ಯಾಡಿ ಅಂತ ಒಂದ್ ಫೋನ್ ಮಾಡಿದ್ರೆ ಬೇರೆ ದಾರಿ ಹಿಡೀತಿದ್ವಿ" ಎಂದ ಹಿರಿಯ. ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು ಆ ಮಾತಿನಲ್ಲಿ. ಪಕ್ಕದ ದ್ರಾಕ್ಷಿ ತೋಟಗಳಿಗೆಲ್ಲ ತಂತಿ ಬೇಲಿ. ಹಿಂದೆ ಕುರಿ ಹಾಯುತ್ತಿದ್ದ ಓಣಿ ಮುಚ್ಚಿಹೋಗಿತ್ತು. ಅದೇ ಬೆಟ್ಟಗಳ ಸುತ್ತ ಬೆಂಗಳೂರಿನ ಜನ ಹಣ ಕೊಟ್ಟು ಡೇರೆಯಲ್ಲಿ ಮಲಗಿ ಹೋಗುತ್ತಾರೆ. ಹಣ ಕೊಡದೆ ತಲತಲಾಂತರದಿಂದ ಮಲಗುತ್ತಿದ್ದವರಿಗೆ ಜಾಗ ಸಿಗುತ್ತಿಲ್ಲ.

ಸಿಗದ ಜಾಗದ ಬಗ್ಗೆ ಗೋಳಾಡದೆ ಸಿಕ್ಕ ಜಾಗವನ್ನು ಆ ಹೆಂಗಸು ಹೇಗೆ ಒಗ್ಗಿಸಿಕೊಂಡಳೆಂದು ನೋಡುವುದೇ ಒಂದು ಪಾಠವಾಗಿತ್ತು. ಕೆರೆಯಂಗಳ ಮಟ್ಟಸವಾಗಿದೆ, ಅಲ್ಲೇ ಮಂದೆ ಹಾಕೋಣವೆಂದ ಮೈದುನ. "ಮೇಲಿನ ಬೆಟ್ಟದಾಗ್ ಸುರಿದ್ರೆ ನೀರು ಹೇಳಿ ಬರ್ತದಾ?" ಎಂದು ಆಕೆ ಬೇಡವೆಂದಳು. ಬಂಡೆಯ ಇಳಿಜಾರು ಒಂದು ಕಡೆ ಗೋಡೆಯಾಯಿತು. ಇನ್ನೊಂದು ಕಡೆಗೆ ಜಾಲಿ ಮುಳ್ಳು ಎಳೆದು ತಂದು ರೊಪ್ಪ ಮಾಡಿದರು. ಮರಿಗಳಿಗೆ ಬೇರೆಯಾಗಿ ಬಲೆಯ ಗೂಡು. ಗಾಳಿ ಯಾವ ಕಡೆಯಿಂದ ಬರುತ್ತದೆಂದು ಒಂದು ಹಿಡಿ ಧೂಳು ತೂರಿ ನೋಡಿದಳು. ಬೆಂಕಿಯನ್ನೂ ಗಂಡಸರ ಹಾಸಿಗೆಯನ್ನೂ ಗಾಳಿ ಬೀಸಿ ಹೋಗುವ ಕಡೆಗೆ ಹಾಕಿಸಿದಳು. ಯಾಕೆ ಎಂದು ಮಗಳು ಕೇಳಿದಳು.

"ಗಾಳಿ ಬರೋ ಕಡೆಯಿಂದ ಚಿರತೆ ಬಂದ್ರೆ ನಾಯಿಗೆ ವಾಸ್ನೆ ಸಿಗ್ತದೆ. ಅದಕ್ಕೂ ಗೊತ್ತಲ್ಲ ಅದು. ಅದಕ್ಕೇ ಆ ಕಡೆಯಿಂದ ಬರಲ್ಲ, ಈ ಕಡೆಯಿಂದ ಬರ್ತದೆ. ಈ ಕಡೆ ನಾವಿರಬೇಕು."

ನಾಯಿಗಳಿಗೆ ಯಾರೂ ಏನೂ ಹೇಳಲಿಲ್ಲ. ಕರಿಯ ಎಂಬ ಮುದಿ ನಾಯಿ ಎಲ್ಲರಿಗಿಂತ ಹೊರಗೆ, ದಾರಿಗೆ ಮುಖ ಮಾಡಿ ಮಲಗಿತು. ಕಂದು ಬಣ್ಣದ ಇನ್ನೊಂದು ಗಂಡು ನಾಯಿ ಬಂಡೆಯ ನೆತ್ತಿ ಹತ್ತಿತು. ಮುತ್ತಿ ಎಂಬ ಹೆಣ್ಣು ನಾಯಿ ಮರಿಗಳ ಗೂಡಿನ ಬಳಿ. ಅದರ ಜೊತೆಗೆ ತಿಂಗಳೆರಡು ತಿಂಗಳಿನ ತನ್ನದೇ ಒಂದು ಮರಿ. ಮರಿ ನಾಯಿಯನ್ನು ಚಿಕ್ಕಂದಿನಿಂದಲೇ ಕುರಿಗಳ ನಡುವೆ ಮಲಗಿಸುತ್ತಾರಂತೆ. ಆಗ ಅದು ಕುರಿಯನ್ನು ತನ್ನ ಬಳಗವೆಂದೇ ತಿಳಿಯುತ್ತದೆ. ಬಾಗಲಕೋಟೆ ಕಡೆಯ ಮುಧೋಳ ನಾಯಿಯ ಹೆಸರು ಎಲ್ಲರೂ ಕೇಳಿದ್ದೇವೆ, 2005ರಲ್ಲಿ ಅದರ ಚಿತ್ರದ ಅಂಚೆ ಚೀಟಿಯೂ ಬಂತು. ಇವು ಹಾಗೆ ಹೆಸರಿರುವ ಜಾತಿಯವಲ್ಲ, ಬರೀ ನಾಟಿ ನಾಯಿಗಳು. ರಾಗಿ ಮುದ್ದೆ ತಿಂದು ಬೆಳೆದವು.

ಮಗ್ರಿಬ್ ಹೊತ್ತಾಯಿತು. ಅಮ್ಮಿಗೆ ಉಪವಾಸ ತೊರೆಯಲು ಚೀಲದಲ್ಲಿ ಖರ್ಜೂರವಿತ್ತು. ಕುರುಬಮ್ಮ ಮೇಕೆ ಹಾಲು ಕರೆದು ಕಾಯಿಸಿ ಬೆಲ್ಲ ಹಾಕಿ ತಂದಳು. ಊಟವಿಲ್ಲದೆ ಇಡೀ ದಿನ ಇದ್ದರೆಂದು ತಿಳಿದು, "ಈ ಬಿಸಿಲಾಗಾ?" ಎಂದು ಕೆನ್ನೆ ಮುಟ್ಟಿಕೊಂಡಳು. ನಮಾಝ್‌ಗೆ ಜಾಗ ಬೇಕೆಂದಾಗ ಬಂಡೆಯ ಮೇಲೆ ನೀರು ಚಿಮುಕಿಸಿ, ಗಂಟಿನಿಂದ ಮಡಿಸಿಟ್ಟಿದ್ದ ಹೊಸ ಕಂಬಳಿ ತೆಗೆದು ಹಾಸಿದಳು. "ಇದರ್ ಮ್ಯಾಲೆ ನಾಯಿ ಮಲಗಿಲ್ಲ ಬೂಬಮ್ಮ. ನಿಮ್ಮೋರಿಗೆ ಆಗಲ್ಲ ಅಂತ ಗೊತ್ತು" ಎಂದಳು. ವರ್ಷಗಟ್ಟಲೆ ಶಿಡ್ಲಘಟ್ಟ, ಚಿಂತಾಮಣಿಯ ಸಂತೆಗಳಲ್ಲಿ ನಮ್ಮವರಿಗೆ ಕುರಿ ಮಾರಿದ ಅನುಭವ. ಬಕ್ರೀದ್ ಯಾವಾಗ ಬರುತ್ತದೆಂಬುದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆದರೂ ನನ್ನ ಕಣ್ಣು ನಾಯಿಗಳ ಮೇಲೆಯೇ. ನಾನು ಬೆಳೆದದ್ದು ಶಾಫಿಈ ಮನೆತನದಲ್ಲಿ. ಒದ್ದೆ ನಾಯಿ ಮೈಗೆ ತಾಗಿದರೂ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿ. ಇವರದು ಹನಫಿ ಮನೆ. ಅವರಲ್ಲಿ ಜೊಲ್ಲಷ್ಟೇ ಮಲಿನ, ಮೂರು ಸಲ ತೊಳೆದರೆ ಸಾಕು. ಹೀಗಾಗಿ ನಾಯಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಎರಡು ಕಾನೂನು. ಅಮ್ಮಿ ಯಾವತ್ತೂ ಜಗಳ ಮಾಡಿದವರಲ್ಲ. ಅಂದು ಮಾತ್ರ ಮೊಮ್ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅಸ್ಹಾಬುಲ್ ಕಹ್ಫ್‌ರ ಕಥೆ ಹೇಳಿದರು. ಗುಹೆಯಲ್ಲಿ ನಿದ್ರಿಸಿದ ಆ ಯುವಕರ ಜೊತೆ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿದ್ದ ನಾಯಿಯ ಉಲ್ಲೇಖ ಕುರ್‌ಆನಿನಲ್ಲೇ ಇದೆ. ಕುರಿ ಕಾಯಲು, ಹೊಲ ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ಹದೀಸ್‌ನಲ್ಲಿ ಅನುಮತಿಯಿದೆ. ಪ್ರವಾದಿಯವರೂ(ಸ) ಚಿಕ್ಕಂದಿನಲ್ಲಿ ಮಕ್ಕಾದವರ ಕುರಿ ಕಾಯುತ್ತಿದ್ದರು. ಇವೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ಭಯಕ್ಕೆ ಮಾತ್ರ ಫಿಕ್ಹ್ ಓದಿ ಅಭ್ಯಾಸವಿಲ್ಲ.

ನಾದಿನಿ ಕಟ್ಟಿಕೊಟ್ಟಿದ್ದ ಬಗಾರ ಅನ್ನ, ದಾಲ್ಚಾ ಇತ್ತು. ಅವರ ಮುದ್ದೆ, ಹುರುಳಿ ಸಾರು. ಎಲ್ಲರೂ ಬೆಂಕಿಯ ಸುತ್ತ ಕೂತು ಹಂಚಿಕೊಂಡೆವು. ಮುದ್ದೆ ನುಂಗಲು ಇಪ್ಪತ್ತು ವರ್ಷವಾದರೂ ನಾನು ಕಲಿತಿಲ್ಲ. ಸೊಸೆ ನನ್ನನ್ನು ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು.

ಊಟವಾದ ಮೇಲೆ ನಾನೇ ಕೇಳಿದೆ, ಈ ನಾಯಿಗಳು ಯಾರಿಗಾದರೂ ಕಚ್ಚಿದ್ದುಂಟೇ ಎಂದು. ಕುರುಬಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹೋಗಿ ಗಂಟಿನಿಂದ ಪ್ಲಾಸ್ಟಿಕ್ ಕವರೊಂದನ್ನು ತಂದಳು. ಅದರಲ್ಲಿ ಪಶು ಆಸ್ಪತ್ರೆಯ ಚೀಟಿಗಳು. ಮೂರೂ ನಾಯಿಗಳಿಗೆ ವರ್ಷ ವರ್ಷವೂ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ದಾಖಲೆ. ಕುರಿಗಳ ಲಸಿಕೆಯ ಚೀಟಿಗಿಂತ ಅದನ್ನು ಜೋಪಾನವಾಗಿ ಇಟ್ಟಿದ್ದಳು.

ಆಕೆಗೊಬ್ಬ ತಂಗಿಯಿದ್ದಳಂತೆ, ಏಳೆಂಟು ವರ್ಷದವಳು. ಇದೇ ರೀತಿ ಮಂದೆಯ ಜೊತೆ ಹೊರಟಿದ್ದಾಗ ಯಾವುದೋ ಊರಿನ ಬೀದಿನಾಯಿ ಕೈಗೆ ಕಚ್ಚಿತು. ಸಣ್ಣ ಗಾಯ. ಸುಣ್ಣ, ಅರಿಸಿನ ಮೆತ್ತಿ, ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸಿದರು. ಗಾಯ ಒಣಗಿತು. ಎರಡು ತಿಂಗಳಾದ ಮೇಲೆ ಒಂದು ದಿನ ಹುಡುಗಿ ನೀರಿನ ಚೊಂಬು ನೋಡಿ ಬೆದರಿದಳು. "ಮೂರನೇ ದಿನಕ್ಕೆ ಮುಗೀತು. ಮಣ್ಣು ಮಾಡಿದ್ದು ಯಾವೂರ್ನಾಗೋ. ಈಗ ಆ ಊರು ದಾಟುವಾಗ ನಾನು ಆ ಕಡೆ ತಿರುಗಲ್ಲ" ಎಂದಳು.

ನನಗೆ ಆಸ್ಪತ್ರೆಯ ಬೆಂಚು ನೆನಪಾಯಿತು. ಆ ಬೆಂಚಿಗೆ ಎಳೆದುಕೊಂಡು ಹೋದ ನನ್ನ ಉಪ್ಪನನ್ನು ನಾನು ಎಷ್ಟು ಬೈದುಕೊಂಡಿದ್ದೆ! ನಮ್ಮಿಬ್ಬರ ಕಥೆಯೂ ಒಂದೇ. ಅವಳ ತಂಗಿಗೆ ಸೊಪ್ಪಿನ ರಸ ಸಿಕ್ಕಿತು, ನನಗೆ ಚುಚ್ಚುಮದ್ದು ಸಿಕ್ಕಿತು.

ತಾಯಂದಿರು ಓದುವ ಪತ್ರಿಕೆಯಾದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ರೋಗ ಕಾಣಿಸಿಕೊಂಡ ಮೇಲೆ ಈ ಕಾಯಿಲೆಗೆ ಚಿಕಿತ್ಸೆ ಇಲ್ಲವೆಂದೇ ತಿಳಿಯಬೇಕು. ಕಾಣಿಸಿಕೊಳ್ಳುವ ಮೊದಲು ಮಾತ್ರ ಖಂಡಿತ ತಡೆಯಬಹುದು. ನಾಯಿ ಕಚ್ಚಿದರೆ, ಪರಚಿದರೆ ಅಥವಾ ಗಾಯವನ್ನು ನೆಕ್ಕಿದರೆ ತಕ್ಷಣ ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ, ಎಣ್ಣೆ ಏನನ್ನೂ ಹಚ್ಚಬಾರದು. ಅಂದೇ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಚುಚ್ಚುವ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ ನಿಲ್ಲಿಸಿ ಇಪ್ಪತ್ತು ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ದಿನ, ಮತ್ತೆ ಅದರ 3, 7 ಮತ್ತು 28ನೇ ದಿನ. ರಕ್ತ ಬಂದ ಗಾಯವಾದರೆ ಗಾಯದೊಳಕ್ಕೇ ಇನ್ನೊಂದು ಔಷಧಿ ಬೇಕಾಗುತ್ತದೆ, ಅದನ್ನು ಕೇಳಿ ಹಾಕಿಸಿಕೊಳ್ಳಬೇಕು. ಎರಡು ಸೂಜಿಗೆ ಗುಣವಾಯಿತೆಂದು ಉಳಿದದ್ದನ್ನು ಬಿಡಬಾರದು. 1885ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ಈ ಲಸಿಕೆಯನ್ನು ಮನುಷ್ಯರಿಗೆ ಮೊದಲು ಕೊಟ್ಟಾಗ, ಅದನ್ನು ಪಡೆದ ಮೊದಲಿಗರಲ್ಲಿ ಒಬ್ಬ ಹದಿನೈದು ವರ್ಷದ ಕುರಿಗಾಹಿ ಹುಡುಗ. ಚಿಕ್ಕ ಮಕ್ಕಳ ಮೇಲೆ ಎರಗಿದ ಹುಚ್ಚುನಾಯಿಯನ್ನು ತಡೆಯಲು ಹೋಗಿ ಕಚ್ಚಿಸಿಕೊಂಡಿದ್ದ. ಬದುಕಿದ. ಮಗಳು ಈ ಕಥೆಯನ್ನು ಎಲ್ಲೋ ಓದಿದ್ದಳು, ಬೆಂಕಿಯ ಮುಂದೆ ಕುರುಬಮ್ಮನಿಗೆ ಹೇಳಿದಳು. ಆಕೆ ಮೂರು ಸಲ ಕೇಳಿದಳು, "ಬದುಕಿದ್ನಾ? ಕುರಿ ಕಾಯೋ ಹುಡುಗಾನಾ?" ಎಂದು.

ಅಮಾವಾಸ್ಯೆ ಹತ್ತಿರದ ರಾತ್ರಿ. ಮೂಡಣದ ಕಡೆ ಮೋಡವಿನ್ನೂ ಮುಚ್ಚದ ಆಕಾಶದಲ್ಲಿ ಇಷ್ಟೊಂದು ನಕ್ಷತ್ರಗಳನ್ನು ನಾನು ನೋಡಿಯೇ ಇರಲಿಲ್ಲ. ಗೌರಿಬಿದನೂರಿನ ಬಳಿ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೊಡ್ಡ ಕೇಂದ್ರವೊಂದು 1970ರ ದಶಕದಿಂದ ಇದೆ. ಹೊಲದ ತುಂಬ ತಂತಿ ಕಂಬಗಳು. ಆ ದಾರಿಯಲ್ಲೂ ಕುರಿ ಹೊಡೆದುಕೊಂಡು ಹೋಗಿದ್ದ ಹಿರಿಯ, "ಅಲ್ಲಿ ಆಕಾಶದ ಮಾತು ಕೇಳ್ತಾರಂತಲ್ಲ ಸಾಬ್ರೇ, ಮಳೆ ಯಾವಾಗ ಅಂತ ಹೇಳ್ತದಾ?" ಎಂದು ಕೇಳಿದ.

ಮಳೆ ಹೇಳದೆಯೇ ಬಂತು. ನಡುರಾತ್ರಿ ಕರಿಯ ಒಮ್ಮೆಲೇ ಬೊಗಳತೊಡಗಿತು. ಬಂಡೆಯ ಮೇಲಿದ್ದ ನಾಯಿ ಇಳಿದು ಓಡಿತು. ಮುತ್ತಿ ಮಾತ್ರ ಮರಿಗಳ ಗೂಡು ಬಿಟ್ಟು ಕದಲಲಿಲ್ಲ. ಗಂಡಸರು ಟಾರ್ಚು ಹಿಡಿದು ಕೂಗುತ್ತಾ ಹೋದರು. ಕತ್ತಲಲ್ಲಿ ಏನಿತ್ತೋ, ಚಿರತೆಯೋ ನರಿಯೋ, ನಮಗೆ ಕಾಣಲಿಲ್ಲ. ನಾಯಿಗಳು ಒಂದಷ್ಟು ದೂರ ಅಟ್ಟಿ ಹಿಂದಿರುಗಿದವು. ಅಷ್ಟರಲ್ಲಿ ಬಿರುಗಾಳಿ, ಅದರ ಬೆನ್ನಿಗೇ ದಪ್ಪ ಹನಿ. ದೊಡ್ಡ ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಂಡು ನಿಂತವು. ಮರಿಗಳದ್ದೇ ಚಿಂತೆ. ಎಳೆಯ ಮರಿ ನೆನೆದು ನಡುಗಿದರೆ ಬೆಳಗಾಗುವುದರೊಳಗೆ ಸಾಯುತ್ತದೆ. ಬುಟ್ಟಿಗಳು ಗಾಳಿಗೆ ಹಾರುತ್ತಿದ್ದವು.

ಅಮ್ಮಿ ಓಮ್ನಿಯ ಹಿಂದಿನ ಬಾಗಿಲು ತೆಗೆಯಿರಿ ಎಂದರು. ಹಿಂದಿನ ಸೀಟು ಮಡಚಿ ಹನ್ನೊಂದು ಕುರಿಮರಿಗಳನ್ನು ಒಳಗೆ ತುಂಬಿದೆವು. ನನ್ನ ಮಡಿಲಲ್ಲಿ ಎರಡು, ಮಗಳ ಮಡಿಲಲ್ಲಿ ಎರಡು. ಕೊನೆಗೆ ಕುರುಬಮ್ಮ ಸೆರಗಿನಲ್ಲಿ ಸುತ್ತಿಕೊಂಡು ಇನ್ನೊಂದನ್ನು ತಂದು ಬಾಗಿಲಲ್ಲಿ ನಿಂತಳು. ಅದು ಮುತ್ತಿಯ ಮರಿ. ಕೊಡಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಮಳೆ ಆಕೆಯ ತಲೆಯ ಮೇಲೆ ಸುರಿಯುತ್ತಿತ್ತು.

"ಕೊಡಿ" ಎಂದೆ.

ಒದ್ದೆ ನಾಯಿಮರಿ ನನ್ನ ಕಾಲಿನ ಬಳಿ ಬೆಳಗಿನವರೆಗೂ ಮಲಗಿತು. ನಾನು ಕಾಲು ಮೇಲೆತ್ತಿಕೊಂಡೇ ಕೂತಿದ್ದೆ. ಅದು ಮಾತ್ರ ನನ್ನ ಬುರ್ಖಾದ ಅಂಚನ್ನು ಬಾಯಲ್ಲಿ ಹಿಡಿದು ನಿದ್ದೆ ಹೋಗಿತ್ತು. ಮುತ್ತಿ ಗಾಡಿಯ ಅಡಿಯಲ್ಲಿ ಸೇರಿಕೊಂಡಿತು. ಅದರ ಉಸಿರಾಟ ಕೆಳಗಿನಿಂದ ಕೇಳಿಸುತ್ತಿತ್ತು. ನಾನು ದುವಾ ಓದುತ್ತಾ ಕೂತಿದ್ದೆ, ಯಾವಾಗಲೋ ನಿದ್ದೆ ಬಂದಿತ್ತು.

ಫಜ್ರ್ ಹೊತ್ತಿಗೆ ಮಳೆ ನಿಂತಿತ್ತು. ಕೆರೆಯಂಗಳದಲ್ಲಿ ಮೊಣಕಾಲುದ್ದ ಕೆಸರುನೀರು. ಮೈದುನ ಮಂದೆ ಹಾಕೋಣವೆಂದಿದ್ದ ಜಾಗ ಅದು. ಹುಣಸೆ ಮರದ ಒಂದು ಕೊಂಬೆ ಮುರಿದು ರಸ್ತೆಗೆ ಬಿದ್ದಿತ್ತು. ಇವರು ಅದನ್ನು ನೋಡಿ ಏನೂ ಮಾತಾಡಲಿಲ್ಲ. ಹಾಸುಬಂಡೆಯ ದೊಣೆಗಳಲ್ಲಿ ತಿಳಿನೀರು ತುಂಬಿತ್ತು. ನಾನು ಬುರ್ಖಾದ ಅಂಚನ್ನು ಏಳು ಸಲ ತೊಳೆದೆ, ಒಂದು ಸಲ ಆ ಕೆರೆಯ ಮಣ್ಣು ಹಾಕಿ. ಅಮ್ಮಿ ಪಕ್ಕದಲ್ಲಿ ವುಝೂ ಮಾಡುತ್ತಾ ಎಣಿಸುತ್ತಿದ್ದರು. "ಮೂರಕ್ಕೆ ನಮ್ಮದು ಮುಗಿಯಿತು, ನಿಮ್ಮದು ಮುಂದುವರಿಯಲಿ" ಎಂದು ನಕ್ಕರು. ಹನ್ನೊಂದು ಮರಿಗಳೂ ಬದುಕಿದ್ದವು. ಗಾಡಿಯೊಳಗಿನ ವಾಸನೆ ಹೋಗಲು ಮಾತ್ರ ಎರಡು ತಿಂಗಳು ಹಿಡಿಯಿತು.

ಮೆಕ್ಯಾನಿಕ್ ಬಂದದ್ದು ಹತ್ತು ಗಂಟೆಗೆ. ಅಷ್ಟರಲ್ಲಿ ಅವರು ಹೊರಟಾಗಿತ್ತು. ಹೊರಡುವಾಗ ಇವರು ತಮ್ಮ ನಂಬರ್ ಬರೆದುಕೊಟ್ಟರು. ಶಿಡ್ಲಘಟ್ಟದ ಹೊರಗೆ ನಮ್ಮದು ಒಂದೂವರೆ ಎಕರೆ ಹಿಪ್ಪುನೇರಳೆ ತೋಟವಿದೆ, ಸೊಪ್ಪು ಕೊಯ್ದು ಗಿಡ ಸವರಿದ ಮೇಲೆ ಬನ್ನಿ, ರಾತ್ರಿಗಿಷ್ಟೆಂದು ಮಾತಾಡೋಣ ಎಂದರು. ಕುರುಬಮ್ಮ ತಲೆಯಾಡಿಸಿದಳು. ಕರೆದವರೆಲ್ಲ ಮರುವರ್ಷ ಕಲ್ಲು ನೆಟ್ಟಿರುತ್ತಾರೆಂದು ಮನಸ್ಸಿನಲ್ಲಿತ್ತೋ ಏನೋ.

ಅವರು ಬಂದರು, 2025ರ ಜನವರಿಯಲ್ಲಿ. ಬರುವ ಮುಂಚೆ ಫೋನ್ ಮಾಡಿ, "ತೋಟ ಇದೆಯಾ ಸಾಬ್ರೇ?" ಎಂದು ಕೇಳಿದ್ದರಂತೆ. ಪಕ್ಕದ ತೋಟದವರು ಕುರಿ ನುಗ್ಗುತ್ತದೆಂದು ಗೊಣಗಿದರು. ಇವರು ಮಾತಾಡಿ ಒಪ್ಪಿಸಿದರು, ಎರಡು ರಾತ್ರಿ ಅವರ ತೋಟಕ್ಕೂ ಮಂದೆ ಎಂಬ ಕರಾರಿನ ಮೇಲೆ. ಏಳು ರಾತ್ರಿ ಇದ್ದರು. ಮಗನ ಹೆಂಡತಿ ಬಂದಿರಲಿಲ್ಲ, ಬಸುರಿ. ಕಂದು ನಾಯಿಯನ್ನು ಹೆದ್ದಾರಿಯಲ್ಲಿ ಲಾರಿಯೊಂದು ಬಡಿದಿತ್ತು. ಅದರ ಜಾಗಕ್ಕೆ ಮುತ್ತಿಯ ಮರಿ ಬೆಳೆದು ನಿಂತಿತ್ತು. ನನ್ನನ್ನು ಕಂಡು ಬೊಗಳಿತು. ನಾನು ಓಡಲಿಲ್ಲ, ಕಣ್ಣಲ್ಲಿ ಕಣ್ಣಿಡಲಿಲ್ಲ. ಒಂದು ಸುತ್ತು ಬಂದು ಮೂಸಿ ಹೋಯಿತು.

ಅಮ್ಮಿ ತೋಟದ ಮೂಲೆಯಲ್ಲಿ ನಾಯಿಗಳಿಗೆಂದು ಒಂದು ಮಣ್ಣಿನ ಬಾನಿ ಇಡಿಸಿದ್ದರು. ಅದಕ್ಕೆ ದಿನಾ ಸಂಜೆ ನೀರು ತುಂಬುವ ಕೆಲಸ ನನ್ನದಾಗಿತ್ತು.